ನಾನು ಹೋಗದ ಹಂಪನಕಟ್ಟೆಯಲ್ಲಿ ನನ್ನ ಸ್ಕೂಟರಿಗೆ ದಂಡ

ಹೆಲ್ಮೆಟ್ ಹಾಕಿಲ್ಲ, 500 ರೂಪಾಯಿ ಕಟ್ಟಿ ಅಂತ ಮೆಸೇಜ್ ಬಂತು. ಜಾಗ ಮಂಗಳೂರಿನ ಹಂಪನಕಟ್ಟೆ. ಆ ದಿನ ನನ್ನ ಸ್ಕೂಟರ್ ಮಲ್ಪೆಯಲ್ಲಿ, ನಮ್ಮ ಮನೆ ಅಂಗಳದಲ್ಲೇ ಇತ್ತು.

"ಐನೂರು ತಾನೇ, ಸುಮ್ನೆ ಕಟ್ಟಿಬಿಡು ಮಾರಾಯ" ಅಂದ ಅಣ್ಣ. ನನಗೆ ಮನಸ್ಸು ಬರಲಿಲ್ಲ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಲ್ವಾ?

ಮೆಸೇಜಿನ ಲಿಂಕ್ ಒತ್ತಲಿಲ್ಲ. ನಕಲಿ ಚಲನ್ ಮೆಸೇಜುಗಳು ಈಗ ಜಾಸ್ತಿ. ಸರ್ಕಾರದ ಪರಿವಾಹನ್ ಇ-ಚಲನ್ ಸೈಟನ್ನು ನಾನೇ ಟೈಪ್ ಮಾಡಿ ತೆರೆದೆ. ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದೆ. ಚಲನ್ ನಿಜವೇ. ಆದರೆ ಫೋಟೋದಲ್ಲಿ ಇದ್ದದ್ದು ಕಪ್ಪು ಬೈಕ್! ದೊಡ್ಡದು ಮಾಡಿ ನೋಡಿದೆ. ಪ್ಲೇಟಿನ 8ರ ಎಡಭಾಗದ ಬಣ್ಣ ಎದ್ದು ಹೋಗಿ 3ರ ಹಾಗೆ ಕಾಣುತ್ತಿತ್ತು. ನನ್ನದು 3.

ಆ ಫೋಟೋ, ಆರ್‌ಸಿ, ನನ್ನ ಸ್ಕೂಟರಿನ ಹಿಂದೆ ಮುಂದೆ ತೆಗೆದ ಫೋಟೋ, ಚಲನ್ ನಂಬರ್ ಬರೆದ ಒಂದು ಅರ್ಜಿ ಹಿಡಿದು ಸಂಚಾರ ಠಾಣೆಗೆ ಹೋದೆ. ಅಲ್ಲಿದ್ದವರು ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರು. ಅರ್ಜಿಯ ಪ್ರತಿಗೆ ಸೀಲ್ ಹಾಕಿಸಿಕೊಂಡೆ, ಇದನ್ನು ಮಾತ್ರ ಮರೆಯಬೇಡಿ. ವಾರ ಕಳೆದು ಸೈಟ್ ನೋಡಿದಾಗ ನನ್ನ ಗಾಡಿಯ ಮೇಲೆ ಬಾಕಿ ಏನೂ ಇರಲಿಲ್ಲ.