ದೀಪವಿಲ್ಲದ ಊರನ್ನು ಹುಡುಕುವುದು ಹೇಗೆ?

ನಮ್ಮ ಮನೆಯಲ್ಲಿ ಎಲ್ಲರ ಹೆಸರಿನ ಮುಂದೆಯೂ ಒಂದು 'ಕೆ' ಇದೆ. ಏನದು ಅಂತ ಕೇಳಿದರೆ ಅಪ್ಪ 'ಊರ ಹೆಸರು' ಅಂದು ಸುಮ್ಮನಾಗುತ್ತಿದ್ದರು. ಆ ಊರು ಯಾವ ಬಸ್ಸಿನ ಬೋರ್ಡಿನಲ್ಲೂ ಇರಲಿಲ್ಲ, ಗೂಗಲ್ ಮ್ಯಾಪಿನಲ್ಲೂ ಇಲ್ಲ. ಅಜ್ಜಿ ಮಾತ್ರ "ಮಾರಿ ಬಂದು ಹಾಳಾಗೋಯ್ತಪ್ಪ ಅದು" ಅನ್ನುತ್ತಿದ್ದರು. ಮೂರು ವರ್ಷದ ಹಿಂದೆ ಅದನ್ನು ಹುಡುಕಿಕೊಂಡು ಹೊರಟೆ. ಸಿಕ್ಕಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಊರಿದ್ದರೆ ಹುಡುಕುವ ದಾರಿ ಇಲ್ಲಿದೆ.

ಕಂದಾಯ ಇಲಾಖೆಯವರು ಜನರಿಲ್ಲದ ಗ್ರಾಮಕ್ಕೆ 'ಬೇಚಿರಾಕ್' ಅನ್ನುತ್ತಾರೆ. ಪಾರ್ಸಿಯಿಂದ ಬಂದ ಮಾತು. ಚಿರಾಗ್ ಅಂದರೆ ದೀಪ, ಬೇಚಿರಾಗ್ ಅಂದರೆ ದೀಪವಿಲ್ಲದ್ದು. 2011ರ ಜನಗಣತಿಯಲ್ಲಿ ಕರ್ನಾಟಕಕ್ಕೆ ಸುಮಾರು 29,300 ಗ್ರಾಮಗಳ ಲೆಕ್ಕವಿದೆ. ಅದರಲ್ಲಿ ಎರಡು ಸಾವಿರದ ಹತ್ತಿರ ಗ್ರಾಮಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇವೆಲ್ಲ ಜನ ಬಿಟ್ಟುಹೋದ ಊರುಗಳೇ ಅಂತಲ್ಲ, ಕೆಲವು ಮೊದಲಿಂದಲೂ ಬರೀ ಕಾಡು, ಕಾವಲು. ಆದರೆ ಜನ ಹೋದ ಕಡೆಯೂ ಗ್ರಾಮದ ಹೆಸರು, ಗಡಿ, ಸರ್ವೆ ನಂಬರು ಹಾಗೇ ಉಳಿದಿರುತ್ತವೆ. ಊರು ಹಾಳಾಯಿತು ಅಂತ ಕಂದಾಯ ಬಿಡುತ್ತಾರೆಯೇ? ನಮಗೆ ಅದೇ ಅನುಕೂಲ.

ಮೊದಲು ಮನೆದೇವರನ್ನು ಕೇಳಿ

ತಾಲ್ಲೂಕು ಕಚೇರಿಗೆ ಓಡಬೇಡಿ. ಮನೆಯಲ್ಲೇ ಶುರು ಮಾಡಿ. ಹಳೇ ಮೈಸೂರು ಕಡೆಯವರಾದರೆ ಹೆಸರಿನ ಮೊದಲ ಇನಿಷಿಯಲ್ ಬಹಳ ಸಲ ಊರಿನದ್ದೇ. ಉತ್ತರ ಕರ್ನಾಟಕದವರು ಅಡ್ಡಹೆಸರು ನೋಡಿಕೊಳ್ಳಿ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಆದರೆ ಹೆಸರಿನಲ್ಲಿರುವ ಮೋಕ್ಷಗುಂಡಂ, ಅವರ ಹಿರಿಯರು ಬಿಟ್ಟುಬಂದ ಆಂಧ್ರದ ಊರು. ತಲೆಮಾರು ಕಳೆದರೂ ಹೆಸರು ಊರನ್ನು ಹೊತ್ತುಕೊಂಡು ತಿರುಗುತ್ತದೆ.

ಇನಿಷಿಯಲ್‌ಗಿಂತ ಗಟ್ಟಿ ಸುಳಿವು ಮನೆದೇವರು. ಊರು ಬಿಟ್ಟವರು ಮನೆ ಬಿಟ್ಟರು, ಹೊಲ ಬಿಟ್ಟರು, ದೇವರಿಗೆ ನಡೆದುಕೊಳ್ಳುವುದನ್ನು ಬಿಡಲಿಲ್ಲ. ನಿಮ್ಮದು ಧರ್ಮಸ್ಥಳವೋ ತಿರುಪತಿಯೋ ಆಗಿದ್ದರೆ ಇದರಿಂದ ಉಪಯೋಗವಿಲ್ಲ. ಆದರೆ ಯಾರೂ ಕೇಳದ ಹೆಸರಿನ ಅಮ್ಮನೋ, ಹೊಲದ ನಡುವಿನ ಹನುಮಂತರಾಯನೋ ಆಗಿದ್ದರೆ ಅದೇ ದಾರಿ. ಆ ಗುಡಿಯ ಪೂಜಾರಿಯನ್ನು "ಈ ದೇವರಿಗೆ ಒಕ್ಕಲು ಎಲ್ಲೆಲ್ಲಿಂದ ಬರ್ತಾರೆ?" ಅಂತ ಕೇಳಿ. ಚದುರಿಹೋದ ಊರಿನ ಪಟ್ಟಿ ಅವರ ಬಾಯಲ್ಲಿರುತ್ತದೆ.

ಆಮೇಲೆ ಟ್ರಂಕು ತೆಗೆಯಿರಿ. ಪಾಲುಪಟ್ಟಿ, ಕ್ರಯಪತ್ರ, ಕೋರ್ಟಿನ ಹಳೇ ಕಾಗದ ಏನಿದ್ದರೂ ಬಿಡಬೇಡಿ. ಜಮೀನಿನ ಜಗಳ ಆಗಿದ್ದರೆ ನಿಮ್ಮ ಅದೃಷ್ಟ! ಜಗಳವಿದ್ದ ಕಡೆ ವಂಶವೃಕ್ಷ ಬರೆಸಿಯೇ ಇರುತ್ತಾರೆ. ಅಣ್ಣತಮ್ಮಂದಿರು ಚೆನ್ನಾಗಿದ್ದ ಮನೆಗಳಲ್ಲಿ ಏನೂ ಸಿಗುವುದಿಲ್ಲ.

ಹೆಳವರು ಬಂದಾಗ

ಇದನ್ನು ತಪ್ಪಿಸಿಕೊಳ್ಳಲೇಬೇಡಿ. ಮನೆತನದ ವಂಶಾವಳಿ ಹೇಳುವುದೇ ಹೆಳವರ ಕುಲಕಸುಬು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸಿಕೊಂಡು ಬರುತ್ತಿದ್ದರು, ಈಗ ಗಾಡಿಯಲ್ಲಿ ಬರುತ್ತಾರೆ. ಪ್ರತಿ ಮನೆತನಕ್ಕೂ ಗೊತ್ತಾದ ಹೆಳವರ ಕುಟುಂಬ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಬಂದು, ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ದವಸವೋ ದುಡ್ಡೋ ಪಡೆದು ಹೋಗುತ್ತಾರೆ.

ನಮ್ಮ ಹೆಳವರು ಬಂದದ್ದು ನಮ್ಮ ದೊಡ್ಡಪ್ಪನ ಮನೆಗೆ. ಕೆಂಪು ಬಟ್ಟೆ ಸುತ್ತಿದ ದಪ್ಪ ಪುಸ್ತಕ ಬಿಚ್ಚಿ, ಉಸಿರು ಬಿಡದೆ ಒಂದೇ ರಾಗದಲ್ಲಿ ಓದಿದರು. ಮೂಲ ಊರು, ಅಲ್ಲಿಂದ ಎದ್ದುಬಂದ ಇಬ್ಬರು ಅಣ್ಣತಮ್ಮಂದಿರು, ಅವರ ಮಕ್ಕಳು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಮೊದಲೇ ಕೇಳಿಯೇ. ಹೆಣ್ಣುಮಕ್ಕಳ ಹೆಸರು ಒಂದೂ ಇರಲಿಲ್ಲ. ಹೊಗಳಿಕೆ ಜಾಸ್ತಿ ಇತ್ತು, ಅದನ್ನು ಬದಿಗಿಡಿ. ಊರಿನ ಹೆಸರು ಮತ್ತು ಹೆಸರುಗಳ ಸರಪಳಿ ಮಾತ್ರ ಬರೆದಿಟ್ಟುಕೊಂಡು ಕಾಗದದ ಜೊತೆ ತಾಳೆ ಹಾಕಿ.

ಹೆಸರು ಸಿಕ್ಕಿದ ಮೇಲೆ

ಕಂದಾಯ ಇಲಾಖೆಯ 'ಭೂಮಿ' ವೆಬ್‌ಸೈಟಿನ ಪಹಣಿ ಪುಟ ತೆಗೆಯಿರಿ. ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಗ್ರಾಮಗಳ ಪಟ್ಟಿ ಬರುತ್ತದೆ. ಬೇಚಿರಾಕ್ ಗ್ರಾಮಗಳೂ ಅಲ್ಲೇ ಇರುತ್ತವೆ. ನಮ್ಮ 'ಕೆ' ನನಗೆ ಕಂಡದ್ದು ಆ ಪಟ್ಟಿಯಲ್ಲೇ, ಪಕ್ಕದ ಹೋಬಳಿಯಲ್ಲಿ. ಅಜ್ಜಿ ಹೇಳುತ್ತಿದ್ದುದಕ್ಕೂ ಬರೆದಿದ್ದಕ್ಕೂ ಒಂದಕ್ಷರ ವ್ಯತ್ಯಾಸ, ಅಷ್ಟೇ. ನಿಮ್ಮ ಹೋಬಳಿಯಲ್ಲಿ ಸಿಗದಿದ್ದರೆ ಅಕ್ಕಪಕ್ಕದ ತಾಲ್ಲೂಕೂ ನೋಡಿ.

ನಂತರ ಸರ್ವೆ ಇಲಾಖೆಯ ಗ್ರಾಮ ನಕ್ಷೆ. ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಗ್ರಾಮಠಾಣ ಎಲ್ಲಿದೆ ನೋಡಿ, ಉತ್ತರದ ಕಡೆ ಗಾಂವಠಾಣ ಅಂತಾರೆ. ಮನೆಗಳಿದ್ದದ್ದು ಅಲ್ಲಿ. ಕೆರೆ, ಹಳೇ ಗಾಡಿದಾರಿ ಕೂಡ ಗುರುತಿಸಿಕೊಳ್ಳಿ. ಇನ್ನೂ ಹಿಂದಕ್ಕೆ ಹೋಗಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ನಕಲಿಗೆ ಅರ್ಜಿ ಕೊಡಿ. ನಾನು ಒಂದು ಕಚೇರಿಗೆ ನಾಲ್ಕು ಸಲ ಅಲೆದೆ. ಕೊನೆಗೆ ಸಿಕ್ಕ ಹಾಳೆಗೆ ಗೆದ್ದಲು ಹಿಡಿದಿತ್ತು. ಹಾಗಾಗಿ ಸರ್ವೆ ನಂಬರು ಬರೆದುಕೊಂಡೇ ಹೋಗಿ. "ನಮ್ಮ ಪೂರ್ವಜರ ಊರು ಸಾರ್" ಅಂದರೆ ಅಲ್ಲಿ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಶಾನುಭೋಗರ ಮನೆಗಳನ್ನೂ ವಿಚಾರಿಸಿ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ 1963ರಲ್ಲಿ ರದ್ದಾದವು. ಆದರೆ ಕೆಲವು ಮನೆಗಳ ಅಟ್ಟದಲ್ಲಿ ಹಳೇ ಲೆಕ್ಕದ ಕಡತ ಉಳಿದಿದೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಬಳಪದಲ್ಲಿ ಬರೆದ ಮಡಿಕೆ ಪುಸ್ತಕ ಅದು. ಅದನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ, ಅಕ್ಷರ ಅಳಿಸಿಹೋಗುತ್ತದೆ.

ಯಾಕೆ ಹಾಳಾಯಿತು?

ಇದು ತಿಳಿದರೆ ಕಾಲ ತಿಳಿಯುತ್ತದೆ. ಹಿರಿಯರು 'ಧಾತು ಬರ' ಅಂದರೆ ಅದು 1876–78ರ ಕ್ಷಾಮ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರಲ್ಲಿ ಅದು 42 ಲಕ್ಷಕ್ಕಿಂತ ಕಡಿಮೆ. 'ಇಲಿ ಬಿದ್ದು' ಅಂದರೆ ಪ್ಲೇಗು, ಅಂದರೆ 1898ರ ಆಸುಪಾಸು ಅಥವಾ ಆಮೇಲೆ. ಊರ ಹೊರಗೆ ಗುಡಿಸಲು ಹಾಕಿಕೊಂಡವರು ವಾಪಸು ಹೋಗದೆ ಅಲ್ಲೇ ಊರಾದದ್ದುಂಟು. ಸುಮ್ನೆ 'ಮಾರಿ' ಅಂದರೆ ಪ್ಲೇಗೂ ಇರಬಹುದು, ಕಾಲರಾನೂ ಇರಬಹುದು.

ಅಣೆಕಟ್ಟಿನಲ್ಲಿ ಮುಳುಗಿದ ಊರಿನ ಕಥೆ ಬೇರೆ. ಕನ್ನಂಬಾಡಿ, ಶರಾವತಿ, ತುಂಗಭದ್ರಾ, ಆಲಮಟ್ಟಿ, ಎಲ್ಲ ಕಡೆಯೂ ಭೂಸ್ವಾಧೀನದ ಕಡತದಲ್ಲಿ ಪರಿಹಾರ ಪಡೆದವರ ಹೆಸರು ಇರುತ್ತದೆ. ಬೆಂಗಳೂರಿನಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯಲ್ಲೂ ವಿಚಾರಿಸಬಹುದು. ನೋಡಲು ಹೋಗುವುದಾದರೆ ಬೇಸಿಗೆಯ ಕೊನೆಯಲ್ಲಿ ಹೋಗಿ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿದ ಹಳೇ ಮಡೆನೂರು ಅಣೆಕಟ್ಟೆ ನೀರಿಳಿದ ವರ್ಷ ತಲೆ ಎತ್ತುತ್ತದೆ. ಹಾಸನದ ಶೆಟ್ಟಿಹಳ್ಳಿ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಪ್ರತಿವರ್ಷ ಮುಳುಗಿ ಏಳುತ್ತದೆ. ಕ್ರೈಸ್ತ ಮನೆತನದವರಿಗೆ ಇನ್ನೊಂದು ಅನುಕೂಲ ಇದೆ. ಜ್ಞಾನಸ್ನಾನ, ಮದುವೆ, ಸಮಾಧಿಯ ರಿಜಿಸ್ಟರುಗಳು ಚರ್ಚಿನಲ್ಲಿರುತ್ತವೆ.

ಜಾಗಕ್ಕೆ ಹೋದಾಗ

ದಿಶಾಂಕ್ ಆ್ಯಪ್ ಹಾಕಿಕೊಂಡು ಹೋಗಿ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಆಮೇಲೆ ಮಣ್ಣು ನೋಡಿ. ಸುತ್ತ ಕೆಂಪು ಮಣ್ಣಿದ್ದು ಒಂದು ದಿಬ್ಬ ಮಾತ್ರ ಬೂದಿಬಣ್ಣಕ್ಕಿದ್ದರೆ ಅಲ್ಲಿ ಒಲೆ ಉರಿದಿದೆ, ದನ ಕಟ್ಟಿದ್ದಾರೆ. ನಮ್ಮ ಹಾಳೂರಿನಲ್ಲಿ ಮಡಕೆ ಚೂರು ಕಾಲಿಗೆ ಚುಚ್ಚುತ್ತಿತ್ತು. ಒಂದು ಬೀಸುಕಲ್ಲು ಅರ್ಧ ಹೂತಿತ್ತು, ಗೂಟದ ತೂತಿನಲ್ಲಿ ಇರುವೆ ಗೂಡು ಮಾಡಿಕೊಂಡಿದ್ದವು. ಸಾಲಾಗಿ ಮೂರು ಹುಣಸೆಮರ, ಮುಚ್ಚಿಹೋದ ಬಾವಿ, ಬಾಗಿಲಿಲ್ಲದ ಹನುಮಂತನ ಗುಡಿ.

ಒಬ್ಬರೇ ಹೋಗಬೇಡಿ. ಹಾವಿಗಿಂತ ಜನರ ಅನುಮಾನ ದೊಡ್ಡದು. ಕಲ್ಲಿನ ಹತ್ತಿರ ಟೇಪು ಹಿಡಿದು ನಿಂತವರನ್ನು ನಿಧಿಗಳ್ಳರು ಅಂದುಕೊಳ್ಳುತ್ತಾರೆ. ಪಹಣಿ ತೋರಿಸಿದರೆ ಪಾಲು ಕೇಳಲು ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಪಕ್ಕದ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಪಹಣಿ ಚೀಲದಲ್ಲೇ ಇರಲಿ. ಏನನ್ನೂ ಅಗೆಯಬೇಡಿ, ಎತ್ತಿಕೊಂಡು ಬರಬೇಡಿ.

ಸಮಾಧಿ ಹುಡುಕುವುದು

ಇಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಸುಡುವ ಪದ್ಧತಿಯವರಿಗೆ ಕಲ್ಲೇ ಇರುವುದಿಲ್ಲ. ಹೂಳುವವರಲ್ಲೂ ಹಳೇ ಸಮಾಧಿಯ ಮೇಲೆ ಹೆಸರು ಬರೆಸಿದ್ದು ಅಪರೂಪ. ಹಾಗಾಗಿ ಹೆಸರು ಹುಡುಕಬೇಡಿ, ಜಮೀನು ಹುಡುಕಿ. ಎಷ್ಟೋ ಮನೆತನದವರು ತಮ್ಮ ಹೊಲದ ಮೂಲೆಯಲ್ಲೇ ಮಣ್ಣು ಮಾಡುತ್ತಿದ್ದರು. ಅಜ್ಜನ ಸರ್ವೆ ನಂಬರು ಗೊತ್ತಾದರೆ ಅರ್ಧ ಕೆಲಸ ಆಯಿತು. ಊರೊಟ್ಟಿನದ್ದಾದರೆ ಪಹಣಿಯಲ್ಲಿ 'ಸ್ಮಶಾನ' ಅಂತಲೋ 'ಖಬರಸ್ತಾನ' ಅಂತಲೋ ಇದೆಯೇ ನೋಡಿ.

ವೀರಗಲ್ಲು, ಮಾಸ್ತಿಕಲ್ಲು ಕಂಡ ತಕ್ಷಣ 'ನಮ್ಮ ಮುತ್ತಾತ' ಅನ್ನಬೇಡಿ. ಅವು ಹೆಚ್ಚಾಗಿ ನೂರಾರು ವರ್ಷ ಹಿಂದಿನವು. ಅಕ್ಷರವಿದ್ದರೆ ಶಾಸನಗಳ ಸಂಪುಟವಾದ 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ನಿಮ್ಮ ತಾಲ್ಲೂಕಿನ ಭಾಗ ತೆಗೆದು ಊರಿನ ಹೆಸರು ನೋಡಿ. ಫೋಟೊವನ್ನು ಬೆಳಗ್ಗೆ ಅಥವಾ ಸಂಜೆ ಓರೆಬಿಸಿಲಿನಲ್ಲಿ ತೆಗೆಯಿರಿ. ನೆತ್ತಿ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಸುಣ್ಣ, ಬಣ್ಣ ಬಳಿಯಬೇಡಿ.

ನಮ್ಮವರ ಜಾಗ ಈಗ ಇನ್ನೊಬ್ಬರ ತೆಂಗಿನ ತೋಟ. ಮೂಲೆಯಲ್ಲಿ ಏಳು ಕಾಡುಗಲ್ಲು, ಸುತ್ತ ಟ್ರ್ಯಾಕ್ಟರ್ ತಿರುಗಿದ ಗುರುತು. ಅಷ್ಟು ಜಾಗ ಮಾತ್ರ ಉಳದೆ ಬಿಟ್ಟಿದ್ದರು. ಯಾಕೆ ಬಿಟ್ಟಿರಿ ಅಂತ ತೋಟದ ಯಜಮಾನರನ್ನು ಕೇಳಿದೆ. "ನಮ್ಮಪ್ಪ ಬಿಟ್ಟಿದ್ರು, ನಾನೂ ಬಿಟ್ಟೆ. ಯಾರವೋ ಗೊತ್ತಿರ್ಲಿಲ್ಲ" ಅಂದರು. ಆಮೇಲೆ ಒಂದು ಎಳನೀರು ಕೊಚ್ಚಿ ಕೊಟ್ಟು, "ಏಳಲ್ಲ ಸ್ವಾಮಿ, ಎಂಟು. ಒಂದು ಆ ಹುತ್ತದೊಳಗೆ ಹೋಗೈತೆ" ಅಂತ ತೋರಿಸಿದರು.