ಎಚ್‌ಐವಿ ಭಯ ಕಾಡಿದಾಗ ಏನು ಮಾಡಬೇಕು?

ಕಾಂಡೋಮ್ ಬಳಸಿದ್ದರೂ, ಮುತ್ತು ಅಪ್ಪುಗೆಗಳಾಚೆಗೆ ಏನೂ ನಡೆದಿರದಿದ್ದರೂ, ಎಷ್ಟೋ ಜನ ತಿಂಗಳುಗಟ್ಟಲೆ ನಿದ್ದೆಗೆಡುತ್ತಾರೆ. ಮೊದಲು, ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹಾಳೆಯ ಮೇಲೆ ಬರೆಯಿರಿ: ಯಾವ ದಿನ, ಎಷ್ಟು ಹೊತ್ತಿಗೆ, ಕಾಂಡೋಮ್ ಹರಿದಿತ್ತೇ. ಎಂಜಲು, ಬೆವರು, ಒಂದೇ ತಾಟಿನ ಊಟದಿಂದ ಎಚ್‌ಐವಿ ಹರಡುವುದಿಲ್ಲ.

ಕಾಂಡೋಮ್ ಹರಿದಿದ್ದರೆ ಇಲ್ಲವೇ ಬಳಸಿರದಿದ್ದರೆ ತಡಮಾಡದೆ, ನಾಚಿಕೆಯನ್ನು ಬದಿಗಿಟ್ಟು ವೈದ್ಯರನ್ನು ಕಾಣಿರಿ. ಅಗತ್ಯವೆಂದು ಅವರಿಗೆ ಕಂಡರೆ ಕೊಡುವ, ಎಚ್‌ಐವಿ ತಗಲದಂತೆ ತಡೆಯುವ ಔಷಧವನ್ನು ಘಟನೆ ನಡೆದ 72 ಗಂಟೆಗಳೊಳಗೆ ಆರಂಭಿಸಿ 28 ದಿನ ತಪ್ಪದೆ ನುಂಗಬೇಕು.

ಪರೀಕ್ಷೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿರುವಂಥ ಐಸಿಟಿಸಿಗೆ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆಯ ಸರ್ಕಾರಿ ಕೇಂದ್ರಕ್ಕೆ, ಹೋಗಿರಿ. ಅಲ್ಲಿ ಆಪ್ತಸಮಾಲೋಚಕರು ಮೊದಲು ನಿಮ್ಮ ಮಾತು ಕೇಳುತ್ತಾರೆ, ನಂತರವೇ ರಕ್ತ ತೆಗೆಯುತ್ತಾರೆ. ಶುಲ್ಕವಿಲ್ಲ, ಗುಟ್ಟು ಕಾಯುವುದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಂತೆ ಅವರ ಹೊಣೆ. ಪರಿಚಿತರು ಕಂಡಾರೆಂಬ ಅಳುಕಿದ್ದರೆ ಬಾಗಲಕೋಟೆಗೋ ಬೆಳಗಾವಿಗೋ ಹೋಗಬಹುದು, ಅದರಲ್ಲಿ ತಪ್ಪೇನಿಲ್ಲ.

ಮರುದಿನವೇ ಮಾಡಿಸಿದ ಪರೀಕ್ಷೆ ಆ ಘಟನೆಯ ಬಗ್ಗೆ ಏನನ್ನೂ ಹೇಳದು. ವೈರಸ್‌ನ ಅಂಶ ಮತ್ತು ಪ್ರತಿಕಾಯ ಎರಡನ್ನೂ ಹುಡುಕುವ, ಪ್ರಯೋಗಾಲಯದ ನಾಲ್ಕನೇ ತಲೆಮಾರಿನ ಪರೀಕ್ಷೆಗೆ 45 ದಿನ, ಸಾಮಾನ್ಯ ತ್ವರಿತ ಪರೀಕ್ಷೆಗೆ 90 ದಿನ ಕಾಯಬೇಕು. ತಡೆ ಔಷಧ ನುಂಗಿದವರು ವೈದ್ಯರು ಹೇಳಿದ ದಿನಕ್ಕೇ ಹೋಗಬೇಕು. ಅಲ್ಲಿಯವರೆಗೆ ಜ್ವರ, ಗಂಟಲು ನೋವು ಬಂದರೆ ಅದನ್ನೇ ಸಾಕ್ಷಿಯೆಂದು ತಿಳಿಯಬೇಡಿರಿ. ಅವಧಿ ಮುಗಿದ ಮೇಲೂ ವರದಿ ನೆಗೆಟಿವ್ ಬಂದರೆ ಮತ್ತೆ ಮತ್ತೆ ರಕ್ತ ಕೊಡುವುದನ್ನು ನಿಲ್ಲಿಸಿರಿ. ಆಗಲೂ ಭಯ ಬಿಡದಿದ್ದರೆ ಅದು ಮನಸ್ಸಿನ ನೋವು, ಅದಕ್ಕೆ ಮನೋವೈದ್ಯರಿದ್ದಾರೆ. ಎಚ್‌ಐವಿ ಕುರಿತು ಕೇಳಲು 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.