ಮೊದಲು ನಕ್ಷೆ, ಆಮೇಲೆ ಯಂತ್ರ: ಸಹ್ಯಾದ್ರಿಗೆ ಜಿಪಿಎಸ್ ಕೊಳ್ಳುವವರಿಗೆ

ಅಕ್ಕನ ಮಗ ಹುಬ್ಬಳ್ಳಿಯಿಂದ ಬಂದು ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿಲ್ಲ, ಆಗಲೇ ಪುಣೆಯ ಗಾಳಿ ಬಡಿದಿದೆ. ಶನಿವಾರ ಬಂತೆಂದರೆ ಬೂಟು ಹಾಕಿಕೊಂಡು ಯಾವುದಾದರೂ ಕೋಟೆ ಹತ್ತುತ್ತಾನೆ. ಮೊನ್ನೆ ಊಟಕ್ಕೆ ಬಂದವ ರೊಟ್ಟಿ ಮುರಿಯುತ್ತಾ ಕೇಳಿದ, "ಮಾಮಾ, ಒಂದು ಜಿಪಿಎಸ್ ತಗೋಬೇಕು. ಯಾವುದು ಚಲೋ?" ಫೋನಿನಲ್ಲಿ ನಾಲ್ಕು ಮಾಡೆಲ್ ಗುರುತು ಹಾಕಿಕೊಂಡಿದ್ದ. ನಾನು, "ಅದರಾಗ ಯಾವ ನಕ್ಷೆ ಹಾಕ್ತಿ?" ಅಂದೆ. "ಅದು ಜೊತೀಗೇ ಬರ್ತದಲ್ಲ?" ಅಂದ.

ಜೊತೆಗೆ ಬರುವುದನ್ನು ನಂಬಿ ಬೆಟ್ಟಕ್ಕೆ ಹೋಗಬೇಡಿ. ಹೆದ್ದಾರಿ, ದೊಡ್ಡ ಊರು ಇದ್ದು, ದನಕಾಯುವವರ ಕಾಲುದಾರಿಯೇ ಇಲ್ಲದ ನಕ್ಷೆ ಅದರಲ್ಲಿರಬಹುದು. ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಡ್ರಾಯಿಂಗೇ ತಪ್ಪಿದ್ದರೆ ಮೈಕ್ರೋಮೀಟರ್ ಎಷ್ಟು ಸರಿ ಇದ್ದು ಏನು ಮಾಡುವುದು? ಪಾರ್ಟ್ ರಿಜೆಕ್ಟೇ. ಜಿಪಿಎಸ್ ಅಂದರೆ ಮೈಕ್ರೋಮೀಟರ್, ನಕ್ಷೆ ಅಂದರೆ ಡ್ರಾಯಿಂಗ್.

ಇದನ್ನು ನಾನು ಕಲಿತದ್ದು ಮಢೆ ಘಾಟಿನಲ್ಲಿ. ಪುಣೆ ಜಿಲ್ಲೆಯಲ್ಲಿ, ಆಗ ವೆಲ್ಹೆ ಅನ್ನುತ್ತಿದ್ದ, ಈಗ ರಾಜಗಡ ಅನ್ನುವ ತಾಲೂಕಿನಲ್ಲಿ, ಘಟ್ಟದ ಅಂಚಿಗೆ ಒಂದು ಹಳ್ಳಿ ಇದೆ. ಹೆಸರು "ಕೇಳದ". ದಾರಿ ಕೇಳದೆ ಹೋದ ನಮ್ಮಂಥವರಿಗೆ ಸರಿಯಾದ ಹೆಸರು! ಅಲ್ಲಿಂದ ಕೊಂಕಣಕ್ಕೆ ಇಳಿಯುವ ಹಳೆಯ ದಾರಿ ಇದೆ. ಜುಲೈ ತಿಂಗಳು. ಹತ್ತು ಹೆಜ್ಜೆ ಮುಂದಿನವನ ಬೆನ್ನುಚೀಲ ಕಾಣದಷ್ಟು ಮಂಜು. ನನ್ನ ಕೈಯಲ್ಲಿ ಜಿಪಿಎಸ್, ಅದರಲ್ಲಿ ಯಾರೋ ಸ್ಕ್ಯಾನ್ ಮಾಡಿ ಹಂಚಿದ್ದ ಹಳೆಯ ಟೋಪೋಶೀಟ್, ಅಂದರೆ ಬೆಟ್ಟದ ಏರಿಳಿತ ತೋರಿಸುವ ಸರ್ಕಾರಿ ನಕ್ಷೆ. ಬಾಣದ ಗುರುತು ಸರಿಯಾಗಿ ದಾರಿಯ ಗೆರೆಯ ಮೇಲೇ ಇತ್ತು. ಆದರೆ ಕಾಲ ಕೆಳಗೆ ದಾರಿ ಇರಲಿಲ್ಲ, ಹುಲ್ಲು ಇತ್ತು. ಜಲಪಾತದ ಸದ್ದು ಎಡಕ್ಕೆ ಬರಬೇಕಿತ್ತು, ಎದುರಿಗೆ ಬರುತ್ತಿತ್ತು. ನಾನು ಕಿವಿಯನ್ನು ಬಿಟ್ಟು ಪರದೆಯನ್ನು ನಂಬಿ ಮುಂದೆ ನಡೆದೆ. ಹಿಂದಿನಿಂದ ಎಮ್ಮೆ ಕಾಯುವ ಒಬ್ಬ ಅಜ್ಜ ಕೂಗಿದ, "ಓ ಪಾವ್ಹಣಂ, ತಿಕಡಂ ಕಡಾ ಹಾಯ್!" ಅತ್ತ ಕಡಿದಾದ ಬಂಡೆ ಇದೆ ಅಂತ. ನಿಂತ ಜಾಗದಿಂದ ಕೋಲು ಚಾಚಿ ನೋಡಿದೆ. ಒಂದು ಮಾರು ಆಚೆ ಕೋಲಿಗೆ ಏನೂ ತಾಗಲಿಲ್ಲ.

ತಪ್ಪು ಯಂತ್ರದ್ದಲ್ಲ. ಹಳೆಯ ಟೋಪೋಶೀಟುಗಳನ್ನು ಎವರೆಸ್ಟ್ ಡೇಟಮ್ ಎಂಬ ಲೆಕ್ಕದ ಮೇಲೆ ಬರೆದಿದ್ದಾರೆ. ಭೂಮಿಯ ಆಕಾರದ ಬಗ್ಗೆ 1830ರಲ್ಲಿ ಮಾಡಿದ ಲೆಕ್ಕ ಅದು. ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ, ಹೊಸ ಲೆಕ್ಕದ ಮೇಲೆ. ಒಂದರ ಅಂಕಿಯನ್ನು ಇನ್ನೊಂದರ ಮೇಲೆ ಹಾಗೇ ಇಟ್ಟರೆ ನಮ್ಮ ಪುಣೆಯ ಕಡೆ ನೂರು ಮೀಟರಿಗೂ ಜಾಸ್ತಿ ಸರಿಯುತ್ತದೆ. ಬಯಲುಸೀಮೆಯಲ್ಲಾದರೆ ನೂರು ಮೀಟರ್ ಅಂದರೆ ಪಕ್ಕದ ಹೊಲ. ಇಲ್ಲಿ ಹಾಗಲ್ಲ. ಮಹಾರಾಷ್ಟ್ರದ ಸಹ್ಯಾದ್ರಿ ಲಾವಾದ ಹಾಸುಗಳು ಒಂದರ ಮೇಲೊಂದು ಕೂತು ಆದ ಬೆಟ್ಟ. ಒಂದು ಬಂಡೆಗೋಡೆ, ಅದರ ಕೆಳಗೆ ಕಾಡಿನ ಜಗಲಿ, ಮತ್ತೆ ಗೋಡೆ. ಆ ಜಗಲಿಗೆ ಇಲ್ಲಿನ ಟ್ರೆಕ್ಕಿಂಗ್ ಮಂದಿ ಪದರ ಅನ್ನುತ್ತಾರೆ, ನಮ್ಮ ಪದರವೇ. ಇಲ್ಲಿ ನೀವು ಎಲ್ಲಿದ್ದೀರಿ ಅನ್ನುವುದಕ್ಕಿಂತ ಯಾವ ಪದರದಲ್ಲಿದ್ದೀರಿ ಅನ್ನುವುದು ದೊಡ್ಡ ಪ್ರಶ್ನೆ.

ಹಾಗಾಗಿ ನಕ್ಷೆಯನ್ನು ಹೀಗೆ ಆರಿಸಿ. ಸರ್ವೇ ಆಫ್ ಇಂಡಿಯಾದ ಓಪನ್ ಸೀರೀಸ್ ನಕ್ಷೆಗಳು ಮೊದಲ ಆಯ್ಕೆ. 2005ರ ನಕ್ಷೆ ನೀತಿಯಲ್ಲಿ ಸಾರ್ವಜನಿಕರಿಗೆ ಅಂತಲೇ ಈ ಸರಣಿ ಬಂತು, ಡಬ್ಲ್ಯುಜಿಎಸ್ 84 ಮೇಲೆಯೇ ಇದೆ. ಅವರ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಪಿಡಿಎಫ್ ಇಳಿಸಿಕೊಳ್ಳಬಹುದು. ಅಳತೆ 1:50,000, ಅಂದರೆ ನಕ್ಷೆಯ ಎರಡು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಎತ್ತರದ ಗೆರೆಗಳು 20 ಮೀಟರಿಗೊಂದು. ಇದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ. ಪ್ರಿಂಟ್ ಅಂಗಡಿಯವರಿಗೆ "ಪೇಜಿಗೆ ಹೊಂದಿಸಬೇಡಿ, ನೂರಕ್ಕೆ ನೂರು ಸೈಜಿನಲ್ಲೇ ಹಾಕಿ" ಅಂತ ಹೇಳಲೇಬೇಕು. ಇಲ್ಲದಿದ್ದರೆ ಫುಟ್‌ಪಟ್ಟಿ ಇಟ್ಟು ಅಳೆದಾಗ ಸುಳ್ಳು ಅಂತರ ಬರುತ್ತದೆ.

ಯಂತ್ರದೊಳಗೆ ಹಾಕುವುದಕ್ಕೆ ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ನಕ್ಷೆ ಸಾಕು, ದುಡ್ಡು ಕೊಡಬೇಕಿಲ್ಲ. ಗಾರ್ಮಿನ್ ಕಂಪನಿಯ ಜಿಪಿಎಸ್‌ಗೆ ಹೊಂದುವ ಐಎಂಜಿ ಫೈಲ್ ಸಿಗುತ್ತದೆ. ಮೆಮೊರಿ ಕಾರ್ಡಿನಲ್ಲಿ ಗಾರ್ಮಿನ್ ಹೆಸರಿನ ಫೋಲ್ಡರಿಗೆ ಹಾಕಿದರೆ ಆಯಿತು. ಕಾಲುದಾರಿಗಳು ಇದರಲ್ಲಿ ಸರ್ಕಾರಿ ನಕ್ಷೆಗಿಂತ ಹೊಸತಾಗಿರುತ್ತವೆ, ನಡೆದವರೇ ಬರೆಯುವುದರಿಂದ. ಆದರೆ ಎತ್ತರದ ಗೆರೆಗಳ ಬಗ್ಗೆ ಹುಷಾರು. ಈ ಉಚಿತ ನಕ್ಷೆಗಳಲ್ಲಿ ಅವು ಸಾಮಾನ್ಯವಾಗಿ 2000ದ ಫೆಬ್ರವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಲೆಕ್ಕದಿಂದ ಬಂದವು. ನೆಲದ ಮೇಲೆ ಸುಮಾರು ಮೂವತ್ತು ಮೀಟರಿಗೊಂದು ಎತ್ತರದ ಅಂಕಿ, ಕೆಲವು ನಕ್ಷೆಗಳಲ್ಲಿ ತೊಂಬತ್ತಕ್ಕೊಂದು. ನೆಟ್ಟಗೆ ನಿಂತ ಗೋಡೆ ಎರಡು ಅಂಕಿಗಳ ನಡುವೆ ಸಿಕ್ಕಿ ಇಳಿಜಾರಾಗಿಬಿಡುತ್ತದೆ. ಹಾಗಾಗಿ ಪರದೆಯ ಮೇಲೆ ಗೆರೆಗಳು ಒತ್ತೊತ್ತಾಗಿ ಕಂಡಲ್ಲಿ "ಕಷ್ಟದ ಇಳಿಜಾರು" ಅಂತ ಓದಬೇಡಿ, "ಗೋಡೆ ಇರಬಹುದು" ಅಂತ ಓದಿ. ಆಮೇಲೆ ಕಾಗದದ ನಕ್ಷೆ ತೆಗೆದು ಬಂಡೆಯ ಗುರುತು ಇದೆಯಾ ನೋಡಿ.

ಯಾವ ನಕ್ಷೆಯಾದರೂ ಬೆಟ್ಟ ಹತ್ತುವ ಮೊದಲು ಪರೀಕ್ಷೆ ಮಾಡಿ. ಎಸ್‌ಟಿ ಬಸ್ಸು ಇಳಿದ ಕೂಡಲೇ ನಕ್ಷೆಯಲ್ಲಿರುವ ಗುಡಿ, ಸೇತುವೆ, ಅಥವಾ ರಸ್ತೆ ಕೂಡುವ ಜಾಗದಲ್ಲಿ ನಿಂತು ಗುರುತು ಎಲ್ಲಿ ಬೀಳುತ್ತದೆ ನೋಡಿ. ಹತ್ತು ಮೀಟರ್ ಆಚೀಚೆ ಆದರೆ ಪರವಾಗಿಲ್ಲ. ಗುಡಿ ಬಿಟ್ಟು ಕೆರೆಯಲ್ಲಿ ಬಿದ್ದರೆ ಆ ನಕ್ಷೆ ಬೇಡ. ಕೇಳದದಲ್ಲಿ ನಾನು ಈ ಎರಡು ನಿಮಿಷದ ಕೆಲಸ ಮಾಡಿರಲಿಲ್ಲ.

ಇನ್ನು ಯಂತ್ರ. ಸಿಂಹಗಡ, ಲೋಹಗಡದಂಥ ಜನ ತುಂಬಿದ ಕೋಟೆಗೆ ಹೋಗುವವರಿಗೆ ಇದು ಬೇಡವೇ ಬೇಡ. ಫೋನಿನಲ್ಲಿ ಆಸ್ಮ್ಯಾಂಡ್ ಥರದ ಆ್ಯಪ್ ಹಾಕಿ, ನಕ್ಷೆಯನ್ನು ಮನೆಯ ವೈಫೈಯಲ್ಲೇ ಇಳಿಸಿಕೊಂಡರೆ ಸಾಕು. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ನಡೆಯುತ್ತದೆ. ಬೇರೆ ಯಂತ್ರ ಬೇಕಾಗುವುದು ಮಳೆಗಾಲಕ್ಕೆ ಮತ್ತು ಎರಡು ದಿನದ ನಡಿಗೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಫೋನ್ ಪರದೆಯ ಮೇಲೆ ಬಿದ್ದ ಹನಿಯೂ ಬೆರಳೇ. ನಕ್ಷೆ ತಾನೇ ಹಿಗ್ಗುತ್ತದೆ, ತಾನೇ ಕುಗ್ಗುತ್ತದೆ. ಅದಕ್ಕೇ ಗುಂಡಿ ಇರುವ ಯಂತ್ರ ತಗೊಳ್ಳಿ, ಟಚ್ ಬೇಡ. ಅಂಗಡಿಯಲ್ಲಿ ನೋಡುವಾಗ ಕೈ ಒದ್ದೆ ಮಾಡಿಕೊಂಡು ಒತ್ತಿ ನೋಡಿ. ಅಂಗಡಿಯವ ವಿಚಿತ್ರವಾಗಿ ನೋಡಿದರೆ ನೋಡಲಿ.

ನನ್ನದು ಗಾರ್ಮಿನ್ ಈಟ್ರೆಕ್ಸ್ 20, ರಬ್ಬರ್ ಸವೆದಿದೆ, ಕೆಲಸ ನಿಂತಿಲ್ಲ. ಅದರ ವಂಶದಲ್ಲೇ 2019ರಲ್ಲಿ ಬಂದದ್ದು 22ಎಕ್ಸ್ ಮತ್ತು 32ಎಕ್ಸ್. ಎರಡಕ್ಕೂ 2.2 ಇಂಚಿನ ಪರದೆ, ಮೆಮೊರಿ ಕಾರ್ಡಿಗೆ ಜಾಗ, ಎರಡು ಪೆನ್ಸಿಲ್ ಸೆಲ್ಲಿಗೆ 25 ಗಂಟೆ ಅಂತ ಕಂಪನಿಯ ಲೆಕ್ಕ. 32ಎಕ್ಸ್‌ನಲ್ಲಿ ದಿಕ್ಸೂಚಿ ಮತ್ತು ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಹೆಚ್ಚುವರಿ. ಬೇರೆ ಊರಿನವರಿಗೆ ನಾನು ಕಡಿಮೆ ಬೆಲೆಯದೇ ಸಾಕು ಅನ್ನುತ್ತಿದ್ದೆ. ಸಹ್ಯಾದ್ರಿಗೆ ಹಾಗನ್ನುವುದಿಲ್ಲ. ಉಪಗ್ರಹದಿಂದ ಬರುವ ಎತ್ತರ ಜಾಸ್ತಿ ಕುಣಿಯುತ್ತದೆ, ಬ್ಯಾರೋಮೀಟರ್ ಅಷ್ಟು ಕುಣಿಯುವುದಿಲ್ಲ, ನಮಗೆ ಬೇಕಾದದ್ದು ಪದರ ತಿಳಿಯುವುದು. ಆದರೆ ಅದಕ್ಕೆ ಬೆಳಿಗ್ಗೆ ಗೊತ್ತಿರುವ ಎತ್ತರವನ್ನು ಹೇಳಿಕೊಡಬೇಕು. ಹವಾಮಾನ ಬದಲಾಗಿ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಅದು ನಿಮ್ಮನ್ನು ಎಂಟೊಂಬತ್ತು ಮೀಟರ್ ಮೇಲೆ ಹತ್ತಿಸಿಬಿಡುತ್ತದೆ. ದಾರಿಯಲ್ಲಿ ಗೊತ್ತಿರುವ ಎತ್ತರ ಸಿಕ್ಕಾಗಲೆಲ್ಲ ಮತ್ತೆ ಹೇಳಿಕೊಡಿ.

ಸೆಲ್ಲಿನ ವಿಷಯ: ಗೂಡಂಗಡಿಯ ಅಗ್ಗದ ಸೆಲ್ಲು ಮಧ್ಯಾಹ್ನದೊಳಗೆ ಸೋಲುತ್ತದೆ. ರೀಚಾರ್ಜ್ ಆಗುವ ನಿಕಲ್ ಸೆಲ್ಲು ಎರಡು ಜೊತೆ ಇಟ್ಟುಕೊಳ್ಳಿ. ಯಾವ ಸೆಲ್ಲು ಹಾಕಿದ್ದೀರಿ ಅಂತ ಸೆಟ್ಟಿಂಗಿನಲ್ಲಿ ತಿಳಿಸಿ, ಇಲ್ಲದಿದ್ದರೆ ಬ್ಯಾಟರಿ ಗುರುತು ಸುಳ್ಳು ಹೇಳುತ್ತದೆ.

ಹೆಸರಿನ ಕೊನೆಗೆ ಐ ಇರುವ ಜಿಪಿಎಸ್‌ಮ್ಯಾಪ್ 66ಐ, 67ಐ, ಮತ್ತೆ ಇನ್‌ರೀಚ್ ಯಂತ್ರಗಳು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತವೆ. ಅವನ್ನು ವಿದೇಶದಿಂದ ಬರುವ ಗೆಳೆಯರಿಂದ ತರಿಸಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. 2024ರಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಇಂಥ ಯಂತ್ರ ಇದ್ದ ವಿದೇಶಿ ಪ್ರಯಾಣಿಕರನ್ನು ತಡೆದು ಕೇಸು ಹಾಕಿದ್ದುಂಟು. ನನ್ನ ಅಳಿಯನ ನಾಲ್ಕು ಮಾಡೆಲ್‌ಗಳಲ್ಲಿ ಒಂದು ಇದೇ ಆಗಿತ್ತು!

ತಂದ ಮೇಲೆ ಸೆಟ್ಟಿಂಗಿನಲ್ಲಿ ಎರಡು ಸಾಲು ನೋಡಿ. ಡೇಟಮ್ ಡಬ್ಲ್ಯುಜಿಎಸ್ 84 ಇರಲಿ. ಸ್ಥಳದ ಅಂಕಿಯ ರೂಪ ಯುಟಿಎಂ ಇರಲಿ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿ. ಮುಂಬೈ, ಪುಣೆ ಬರುವುದು 43ಕ್ಯೂ ವಲಯದಲ್ಲಿ, ಗೋವಾ 43ಪಿ. ಅಂಕಿಗಳು ಮೀಟರಿನಲ್ಲೇ ಬರುವುದರಿಂದ ಕಾಗದದ ಮೇಲೆ ಫುಟ್‌ಪಟ್ಟಿಯಿಂದ ಅಳೆಯಬಹುದು. ಡಿಗ್ರಿಯಲ್ಲಿ ಏನು ತೊಂದರೆ ಅಂದರೆ, ಒಮ್ಮೆ ಗೆಳೆಯ ಒಂದು ನೀರಿನ ತೊಟ್ಟಿಯ ಜಾಗ ಹೇಳುತ್ತಾ ಫೋನಿನಲ್ಲಿ "ಹದಿನೆಂಟು, ಇಪ್ಪತ್ತೈದು ಪಾಯಿಂಟ್ ಐದು" ಅಂದ. ಅವನು ಹೇಳಿದ್ದು 18 ಡಿಗ್ರಿ 25.5 ನಿಮಿಷ. ನಾನು ಒತ್ತಿದ್ದು 18.255. ನೀರಿನ ತೊಟ್ಟಿ ಸುಮಾರು ಹತ್ತೊಂಬತ್ತು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಕೂತಿತು.

ಅಳಿಯನಿಗೆ ಈಗಲೇ ಕೊಳ್ಳಬೇಡ ಅಂದೆ. ನನ್ನ ಹಳೆಯದನ್ನೇ ಕೊಟ್ಟು ಭಾನುವಾರ ಪುಣೆ ಊರೊಳಗಿನ ಗುಡ್ಡ ವೇತಾಳ ಟೇಕಡಿಗೆ ಕಳಿಸಿದೆ. ಒಂದೇ ಸುತ್ತನ್ನು ಮೂರು ಸಲ ನಡೆದು, ಮೂರೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡು ಅಂತ. ಸಂಜೆ ಲ್ಯಾಪ್‌ಟಾಪ್ ತಂದು ತೋರಿಸಿದ. ಬಯಲಿನಲ್ಲಿ ಮೂರೂ ಗೆರೆಗಳು ಹೆಚ್ಚುಕಡಿಮೆ ಒಂದೇ. ಹಳೆಯ ಕಲ್ಲುಗಣಿಯ ಗೋಡೆಯ ಹತ್ತಿರ ಮಾತ್ರ ಮೂರು ದಿಕ್ಕಿಗೆ ಚೆಲ್ಲಾಪಿಲ್ಲಿ.

"ಮಾಮಾ, ನಿಮ್ಮ ಡಬ್ಬಿ ಹಳೇದಾತು," ಅಂದ.

"ಡಬ್ಬಿ ಅಲ್ಲೋ. ಗೋಡೆ ಅರ್ಧ ಆಕಾಶ ಮುಚ್ಚೇತಿ, ಉಳಿದ ಸಿಗ್ನಲ್ ಕಲ್ಲಿಗೆ ಬಡದು ಸುತ್ತಿ ಬರ್ತೈತಿ. ಹೊಸಾದು ಸ್ವಲ್ಪ ಕಡಿಮಿ ಕುಣೀತದ, ಅಷ್ಟ."

ಅವನು ಆ ಚೆಲ್ಲಾಪಿಲ್ಲಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಕೇಳದದ ನಕ್ಷೆ ಎಲ್ಲಿ ಸಿಗುತ್ತದೆ ಅಂತ ಕೇಳಿದ.